ಕಿವಿಯ ಹಿಂದ

"ಯಾರ ಮದುವಿ ಅವ್ವಾ?" ಅಂದೆ.
"ಯಾರದೂ ಇಲ್ಲ. ತೆಲಿ ನಂದು, ಮನಸೂ ನಂದು.
ಕರೇದು ಹಚ್ಚು."

ಇಳಕಲ್ಲಿನ ಈ ಗಲ್ಲಿಯೊಳಗ ನನ್ನ ಪಾರ್ಲರಿಗೆ
ಎರಡು ಕುರ್ಚಿ, ಒಂದು ಕನ್ನಡಿ,
ಕನ್ನಡಿಯ ಮೂಲಿಯೊಳಗ ಎದುರಮನಿ ಮಗ್ಗದ ಕಿಟಕಿ.
ಇಡೀ ದಿನ ಅಲ್ಲಿ ಲಾಳಿ ಓಡಾಡತೈತಿ,
ಇಲ್ಲಿ ಕತ್ತರಿ ಅದಕ್ಕ ಹೂಂಗುಡತೈತಿ.

ಹೆಸರು ಬರಕೊಂಡೆ: ಶಾವಂತ್ರವ್ವ.
ಅಡ್ಡಹೆಸರು? ಬಣ್ಣದ.
ನನಗ ನಗು ಬಂತು. ಆಕಿ ನಗಲಿಲ್ಲ.
ಮೂವತ್ತೆರಡು ವರ್ಷ ನೂಲು ಅದ್ದಿದಾಕಿಗೆ
ಆ ಚ್ಯಾಷ್ಟಿ ಎಂದೋ ಹಳೇದಾಗಿತ್ತು.

"ಇವತ್ತು ಹಚ್ಚೂದಿಲ್ಲ," ಅಂದೆ.
"ಇವತ್ತು ಬರೇ ಒಂದು ಚುಕ್ಕಿ, ಕಿವಿಯ ಹಿಂದ.
ಎರಡು ದಿನ ನೀರು ಸೋಕಿಸಬ್ಯಾಡ.
ಏನೂ ಆಗದಿದ್ರ ಶುಕ್ರವಾರ ಬಾ.
ತುರಿಸಿದ್ರ, ಉರಿದ್ರ, ಅದರ ಮೊದಲ ಬಾ."

"ಕೂದಲಕ್ಕ ಬಣ್ಣ ಹಚ್ಚಾಕ ಕಿವೀನ ಕೇಳಬೇಕೇನ?"
"ಕೇಳಬೇಕು."

ಹ್ವಾದ ವರ್ಷ ಕೇಳದ ಹಚ್ಚಿದ್ದೆ, ಒಬ್ಬಾಕಿಗೆ.
ಮುಂಜಾನೆ ಎದ್ದರ ಆಕಿ ಮಾರಿಯೊಳಗ ಕಣ್ಣು ಹುಡುಕಬೇಕಾತು.
ಗಂಡ ಗಾಡಿ ಮ್ಯಾಲೆ ಕೂಡಿಸಿಕೊಂಡು ಬಾಗಲಕೋಟಿ ದವಾಖಾನಿಗೆ ಹೊಂಟಾಗ
ಇದೇ ಬಾಗಿಲಾಗ ನಿಂತಿದ್ದೆ ನಾನು,
ಕೈಯಾಗ ಬ್ರಷ್ ಇನ್ನೂ ಹಂಗ ಇತ್ತು.
ಅದನ್ನ ಶಾವಂತ್ರವ್ವಗ ಹೇಳಲಿಲ್ಲ.
ಹತ್ತಿಯ ತುದಿಗೆ ಹನಿ ತಗೊಂಡು
ಕಿವಿಯ ಬೆನ್ನಿಗೆ ಇಟ್ಟೆ, ಹೆಸರುಕಾಳಿನಷ್ಟು,
ಕೂಸಿಗೆ ದೃಷ್ಟಿಬೊಟ್ಟು ಇಟ್ಟಂಗ.
"ಅರವತ್ತೊಂದಕ್ಕ ದೃಷ್ಟಿಬೊಟ್ಟು!"
ಈಗ ನಕ್ಕಳು ನೋಡು.

ಶುಕ್ರವಾರ ಬರಲಿಲ್ಲ ಆಕಿ, ಗುರುವಾರ ಬಂದಳು.
ಷಟರ್ ಅರ್ಧ ಎತ್ತಿದ್ದೆ,
ಬಗ್ಗಿ ಒಳಗ ಬಂದಾಕಿನ ಕಿವಿ ಮಡಚಿ ತೋರಿಸಿದಳು.
ಹೆಸರುಕಾಳು ರೂಪಾಯಿ ಅಗಲ ಆಗಿತ್ತು.
ದಡ ಬಿಟ್ಟು ಹರದ ಕೆಂಪು,
ನಡುವ ಮೂರು ನೀರುಗುಳ್ಳಿ.
ನಾನು ಅಯ್ಯ ಅನ್ನೂದರಾಗ
"ಯಾವ ಕೆಂಪು?" ಅಂದಳು,
"ದಾಳಿಂಬರಿಯೋ, ಕುಂಕುಮವೋ? ಕನ್ನಡಿ ಹಿಡಿ."

ಸಣ್ಣ ಕನ್ನಡಿ ಹಿಂದ ಹಿಡಿದೆ.
ಬಾಳ ಹೊತ್ತು ನೋಡಿಕೊಂಡಳು,
ಹಂಡೇದಿಂದ ಎತ್ತಿದ ಲಡಿ ಬಿಸಿಲಿಗೆ ಹಿಡದು ನೋಡೂವಂಗ.
"ಎರಡೂ ಅಲ್ಲ. ಕೆಟ್ಟ ಪಾಕ."

ಆಮ್ಯಾಲೆ ಹೇಳಿದಳು:
ಥಂಡಿಯೊಳಗ ಕೈ ತುರಸ್ತಿದ್ದವು,
ಬೆರಳಸಂದಿ ಸೀಳಿ
ಉಪ್ಪಿನಕಾಯಿ ಮುಟ್ಟಾಕ ಆಗ್ತಿದ್ದಿಲ್ಲ.
ಅತ್ತಿ ಅದಕ್ಕ ಬಣ್ಣದ ತುರಿಕಿ ಅಂತಿದ್ದಳು,
ಕೊಬ್ಬರೆಣ್ಣಿ ಹಚ್ಚೂದು, ಮತ್ತ ಅದ್ದೂದು.
"ಕೈ ಆಗ ಹೇಳಿತ್ತು ಬಿಡು.
ಎರಡು ದಿನ ಕಾಯೂವರು ಯಾರಿದ್ದರು?"

ರೊಕ್ಕ ತಿರುಗಿ ಕೊಟ್ಟೆ. ತಗೊಳ್ಳಲಿಲ್ಲ.
"ತೊಳಿ, ತುದಿ ಕತ್ತರಿಸು," ಅಂತ ಕುಂತಬಿಟ್ಟಳು.
ಕಿವಿಗೆ ಹನಿ ಬೀಳದಂಗ ಅಂಗೈ ಮರೆ ಮಾಡಿ ತೊಳದೆ.
ನೊರಿ ಇಳಿದ ಮ್ಯಾಲೆ ಕೈತುಂಬ ಬಂತು,
ಹಂಡೆ ಕಾಣದ ನೂಲಿನಂಗ, ದಪ್ಪ, ಬೆಳ್ಳಗ.
ಚಂದ ಐತಿ ಅನ್ನಬೇಕಂದೆ.
ಸಮಾಧಾನದ ಮಾತು ಆಕಿಗೆ ಗೊತ್ತಾಗತಾವ,
ಸುಮ್ಮನಾದೆ.

ಆಗ ಮುಂಗೈ ಹಿಡಿದಳು.
ಕನ್ನಡಿಯೊಳಗಿಂದ ಅಲ್ಲ, ಕುರ್ಚಿ ತಿರುಗಿಸಿ, ನೇರ.
ಒಂದೊಂದು ಬೆರಳು ಬಿಡಿಸಿ ನೋಡಿದಳು
ಒಡದ ಗೆಣ್ಣು, ಉಗುರಬುಡದ ಕಂದು.
"ಗ್ಲೌಸು?"
"ಹರೀತಾವ. ತುಟ್ಟಿ ಬ್ಯಾರೆ."
"ಎಷ್ಟು ವರ್ಷಾತು?"
"ಹನ್ನೊಂದು."
"ತುರಸತಾವೇನ?"
ನಾನು ನಳ ಬಿಟ್ಟೆ, ಜೋರಾಗಿ.

ರಾತ್ರಿ ಮಗ್ಗ ನಿಂತ ಮ್ಯಾಲೆ
ಕನ್ನಡಿಗೆ ಬೆನ್ನು ಮಾಡಿ
ನನ್ನ ಕಿವಿ ನಾನ ಮಡಚಿ
ಹತ್ತಿಯ ತುದಿಯಿಂದ ಇಟ್ಟುಕೊಂಡೆ,
ಹೆಸರುಕಾಳಿನಷ್ಟು.
ಕ್ಯಾಲೆಂಡರಿನಾಗ ಬರದೆ: ಗುರುವಾರ, ಎಂಟೂವರಿ.
ಶನಿವಾರದ ಮನ್ಯಾಗೂ ಬರದೆ: ಎಂಟೂವರಿ.
ನಡುವಿನ ಮನ್ಯಾಗ
ಮೊದಲ ಬರದಿಟ್ಟಿದ್ದೆ, ನಾಳೆ ಬರೂವರ ಹೆಸರು,
ಆರು ತೆಲಿ.